“ಕಂಪನಿ ಶಿಫ್ಟ್ ಆಗುತ್ತಂತೆ, ಹೌದಾ ಸರ್?” – ಉತ್ತರ ಹೇಳಬೇಕಾದವರಿಗೆ

ಸುದ್ದಿ ನನಗೆ ಸಿಕ್ಕಿದ್ದು ಮೀಟಿಂಗಿನಲ್ಲಲ್ಲ, ಬೆಂಗಳೂರಿನ ಪೀಣ್ಯದಲ್ಲಿರುವ ನಮ್ಮ ಗೇಟಿನೆದುರಿನ ಟೀ ಅಂಗಡಿಯಲ್ಲಿ. ಪ್ಯಾಕಿಂಗಿನ ಹುಡುಗನೊಬ್ಬ ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದು, “ಸರ್, ಕಂಪನಿ ದಾಬಸ್‌ಪೇಟೆಗೆ ಶಿಫ್ಟ್ ಆಗುತ್ತಂತೆ, ಹೌದಾ?” ಅಂದ. “ಯಾರೋ ಹೇಳಿದ್ದು ಕೇಳ್ಕೊಂಡು ತಲೆ ಕೆಡಿಸ್ಕೋಬೇಡ, ಹೋಗು” ಅಂದೆ. ಯಾರೋ ಹೇಳಿದ್ದಲ್ಲ, ಜಾಗ ನೋಡಲು ಹೋಗಿದ್ದ ಕಾರಿನ ಡ್ರೈವರೇ ಹೇಳಿದ್ದು. ಎರಡು ವಾರ ಕಳೆದು ನಮಗೆ ಅಧಿಕೃತವಾಗಿ ತಿಳಿಸಿದಾಗ ಆ ಹುಡುಗ ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಆಮೇಲೆ ತುಂಬಾ ದಿನ ಏನೂ ಕೇಳಲಿಲ್ಲ.

ಸ್ಟೋರ್ಸ್, ಪ್ಯಾಕಿಂಗ್, ಡಿಸ್ಪ್ಯಾಚ್ ಸೇರಿ ಹದಿನಾಲ್ಕು ಜನರ ತಂಡ ನನ್ನದು. ಆ ವರ್ಷ ನಮ್ಮ ಮೇಲೆ ಒಟ್ಟಿಗೆ ಎರಡು ಬಂದವು: ತುಮಕೂರು ರಸ್ತೆಯಲ್ಲಿ ಊರಾಚೆಯ ದಾಬಸ್‌ಪೇಟೆಗೆ ಜಾಗ ಬದಲಾವಣೆ ಒಂದು, ಹೊಸ ಇಆರ್‌ಪಿ (ಮಾಲು, ಖರೀದಿ, ಬಿಲ್ಲು ಎಲ್ಲದರ ಲೆಕ್ಕ ಒಂದೇ ಕಡೆ ಇಡುವ) ಸಾಫ್ಟ್‌ವೇರ್ ಇನ್ನೊಂದು. ಬದಲಾವಣೆ ತೀರ್ಮಾನಿಸಿದವರು ನಾವಲ್ಲ, ಜನರೆದುರು ನಿಂತು ಉತ್ತರ ಹೇಳಬೇಕಾದವರು ಮಾತ್ರ ನಾವು. ಅತ್ತ ದರಿ, ಇತ್ತ ಪುಲಿ. ಈ ನಡುವಿನ ಜಾಗದಲ್ಲಿ ಕೂತಿರುವ ಸೂಪರ್‌ವೈಸರ್, ಟೀಮ್ ಲೀಡ್, ಮ್ಯಾನೇಜರ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ನಿಮ್ಮದು ಐಟಿ ಆಫೀಸಾದರೆ ದಾಬಸ್‌ಪೇಟೆ ಇದ್ದಲ್ಲಿ ವೈಟ್‌ಫೀಲ್ಡ್ ಅಂತ ಓದಿಕೊಳ್ಳಿ. ವ್ಯತ್ಯಾಸ ಹೆಚ್ಚಿಲ್ಲ.

1. ತಂಡದ ಮುಂದೆ ಹೋಗುವ ಮೊದಲು ಮೇಲಿನವರನ್ನು ಕೂರಿಸಿ ಕೇಳಿ

ನಿಮಗೇ ಅರ್ಧಂಬರ್ಧ ಗೊತ್ತಿದ್ದರೆ ನಿಮ್ಮ ಮಾತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತದೆ. ಅರ್ಧ ಗಂಟೆ ಸಮಯ ಕೇಳಿ, ಪೆನ್ನು ಪುಸ್ತಕ ಹಿಡಿದು ಹೋಗಿ. ಯಾವುದು ತೀರ್ಮಾನವಾಗಿದೆ, ಯಾವುದು ಇನ್ನೂ ಮಾತುಕತೆಯಲ್ಲಿದೆ? ಯಾರದಾದರೂ ಕೆಲಸ ಹೋಗುತ್ತದೆಯೇ? ಬಸ್ಸು ಬಿಡುತ್ತಾರಾ, ಬಿಟ್ಟರೆ ಅದಕ್ಕೆ ಸಂಬಳದಲ್ಲಿ ದುಡ್ಡು ಹಿಡಿಯುತ್ತಾರಾ? ಶಿಫ್ಟ್ ಟೈಮಿಂಗ್ ಬದಲಾಗುತ್ತದಾ? ಬರಲಾಗದವರಿಗೆ ಏನು ಕೊಡುತ್ತಾರೆ? ಕೊನೆಗೆ, ಇದರಲ್ಲಿ ನಾನು ಬಾಯಿಬಿಟ್ಟು ಹೇಳಬಹುದಾದದ್ದು ಯಾವುದು?

ಎಲ್ಲದಕ್ಕೂ ಉತ್ತರ ಸಿಗುವುದಿಲ್ಲ. ಸಿಗದಿದ್ದಕ್ಕೆ ಒಂದು ತಾರೀಖನ್ನಾದರೂ ಪಡೆಯಿರಿ: “ಬಸ್ಸಿನ ವಿಷಯ ಯಾವತ್ತು ಗೊತ್ತಾಗುತ್ತೆ ಸರ್?” ಈ ತಾರೀಖು ಮುಂದೆ ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. ರೂಮಿನಿಂದ ಹೊರಗೆ ಬಂದ ಕೂಡಲೇ ಮಾತಾಡಿದ್ದನ್ನೆಲ್ಲ ಒಂದು ಮೇಲ್‌ನಲ್ಲಿ ಹಾಕಿ ಕಳಿಸಿ. ನಾನು ಮೊದಲ ಸಲ ಕಳಿಸಲಿಲ್ಲ. ಮೂರು ವಾರದ ಮೇಲೆ “ಬಸ್ಸು ಫ್ರೀ ಅಂತ ನಾನ್ಯಾವಾಗ ಹೇಳಿದೆ?” ಅನ್ನುವ ಮಾತು ಬಂತು.

ಕಾನೂನಿನ ಒಂದು ವಿಷಯವೂ ಗೊತ್ತಿರಲಿ. ಕಾರ್ಮಿಕರ ಸಂಬಳ, ಭತ್ಯೆ, ಕೆಲಸದ ಅವಧಿ, ಪಾಳಿ ಇಂಥವನ್ನು ಬದಲಿಸುವ ಮೊದಲು ಮಾಲೀಕರು ಸಾಮಾನ್ಯವಾಗಿ 21 ದಿನಗಳ ನೋಟಿಸ್ ಕೊಡಬೇಕು. ಹಿಂದೆ ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದುಕೊಂಡಿದೆ. ನೀವು ವಕೀಲರಾಗಬೇಕಿಲ್ಲ. “ನೋಟಿಸ್ ಹಾಕಿದ್ದೀವಾ?” ಅಂತ ಎಚ್‌ಆರ್‌ನವರನ್ನು ಒಂದು ಮಾತು ಕೇಳಿದರೆ ಸಾಕು, ಎಷ್ಟೋ ಅವಸರದ ತೀರ್ಮಾನಗಳು ತಾವಾಗಿಯೇ ನಿಧಾನವಾಗುತ್ತವೆ.

2. ಹೇಳುವ ದಿನ

ಎಲ್ಲರಿಗೂ ಒಂದೇ ದಿನ, ನೀವೇ, ಎದುರಿಗೆ ನಿಂತು ಹೇಳಿ. ಜನರಲ್ ಶಿಫ್ಟಿನವರಿಗೆ ಬೆಳಿಗ್ಗೆ ಹೇಳಿ ಸೆಕೆಂಡ್ ಶಿಫ್ಟಿನವರಿಗೆ ಮರುದಿನ ಹೇಳುತ್ತೇನೆ ಅಂದರೆ, ಮಧ್ಯಾಹ್ನ ಊಟದ ಹೊತ್ತಿಗೆ ವಾಟ್ಸಾಪ್ ನಿಮ್ಮ ಕೆಲಸ ಮುಗಿಸಿರುತ್ತದೆ, ಅದೂ ಉಪ್ಪು ಖಾರ ಹಚ್ಚಿ. ಎರಡು ಪಾಳಿ ಸೇರುವ ಹೊತ್ತು ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿಕೊಳ್ಳಿ. ರಜೆಯಲ್ಲಿ ಇರುವವರಿಗೆ ಅದೇ ಸಂಜೆ ಫೋನ್ ಮಾಡಿ. ಶುಕ್ರವಾರ ಸಂಜೆ ಹೇಳಿ ಮನೆಗೆ ಕಳಿಸಬೇಡಿ. ಎರಡು ದಿನ ಮನೆಯಲ್ಲಿ ಕೂತು ಕೆಟ್ಟದ್ದನ್ನೇ ಯೋಚಿಸುತ್ತಾರೆ, ಕೇಳೋಣವೆಂದರೆ ನೀವು ಎದುರಿಗಿರುವುದಿಲ್ಲ.

ಮಾತನ್ನು ಮೂರು ಭಾಗ ಮಾಡಿಕೊಳ್ಳಿ: ಗೊತ್ತಿರುವುದು, ಗೊತ್ತಿಲ್ಲದ್ದು, ಗೊತ್ತಿಲ್ಲದ್ದು ಯಾವತ್ತು ಗೊತ್ತಾಗುತ್ತದೆ ಎಂಬುದು. ನಾನು ಹೇಳಿದ್ದು ಸುಮಾರು ಹೀಗಿತ್ತು:

“ಜೂನ್‌ನಿಂದ ನಮ್ಮ ಸ್ಟೋರ್ಸ್ ದಾಬಸ್‌ಪೇಟೆಲಿರುತ್ತೆ. ಅದು ಖಚಿತ. ಈ ಶಿಫ್ಟಿಂಗ್‌ನಿಂದ ಯಾರನ್ನೂ ಕೆಲಸದಿಂದ ತೆಗೆಯಲ್ಲ ಅಂತ ನನಗೆ ಬರೆದುಕೊಟ್ಟಿದ್ದಾರೆ, ಬೇಕಾದ್ರೆ ತೋರಿಸ್ತೀನಿ. ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ, ದುಡ್ಡು ಹಿಡೀತಾರಾ ಇಲ್ವಾ, ನನಗಿನ್ನೂ ಗೊತ್ತಿಲ್ಲ. ಹದಿನೈದನೇ ತಾರೀಖು ಹೇಳ್ತೀವಿ ಅಂದಿದ್ದಾರೆ. ಅವತ್ತು ಉತ್ತರ ಬರದೇ ಇದ್ರೂ, ಬಂದಿಲ್ಲ ಅಂತ ಹೇಳೋಕಾದ್ರೂ ಇಲ್ಲೇ ನಿಂತಿರ್ತೀನಿ.”

“ಎಲ್ಲಾ ಒಳ್ಳೇದಕ್ಕೇ” ಅನ್ನಬೇಡಿ. ಕಂಪನಿಗೆ ಒಳ್ಳೆಯದಿರಬಹುದು. ಎದುರಿಗೆ ನಿಂತವರು ಮಾತ್ರ ಆ ಹೊತ್ತಿಗೆ ಮನಸ್ಸಿನಲ್ಲೇ ಬಸ್ಸಿನ ಲೆಕ್ಕ ಹಾಕುತ್ತಿರುತ್ತಾರೆ. ಆ ಮಾತು ಕೇಳಿದ ಕೂಡಲೇ, ಇವರು ನಮ್ಮ ಪರ ಅಲ್ಲ ಅಂತ ಗೆರೆ ಎಳೆದುಬಿಡುತ್ತಾರೆ.

ಹಾಗೆಯೇ, ನೀವು ‘ಶಿಫ್ಟ್’ ಅಂದದ್ದು ಅವರ ಕಿವಿಗೆ ‘ಮುಚ್ತಾರೆ’ ಅಂತ ಬೀಳಬಹುದು. ಪೀಣ್ಯ, ಜಾಲಹಳ್ಳಿ ಕಡೆ ಇದು ಬರೀ ಹುಸಿ ಭಯವಲ್ಲ. 1961ರಲ್ಲಿ ಶುರುವಾಗಿ ದೇಶಕ್ಕೆಲ್ಲ ಕೈಗಡಿಯಾರ ಕಟ್ಟಿದ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಈ ಭಾಗದಲ್ಲಿ ಅಲ್ಲಿ ದುಡಿದ ಅಪ್ಪನೋ ಮಾವನೋ ಇರುವ ಮನೆಗಳು ಇವತ್ತಿಗೂ ಬೇಕಾದಷ್ಟಿವೆ. ಆದ್ದರಿಂದ “ಮುಚ್ಚುವ ವಿಷಯ ಇದೆಯಾ?” ಎಂದು ಅವರು ಕೇಳುವವರೆಗೆ ಕಾಯದೆ, ಇದ್ದದ್ದನ್ನು ನೀವೇ ಮೊದಲು ಹೇಳಿ.

3. ಒಬ್ಬೊಬ್ಬರಿಗೂ ಒಂದು ಹಾಳೆ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಲವತ್ತು ರೂಪಾಯಿಯ ಒಂದು ನೋಟ್‌ಬುಕ್. ಹದಿನಾಲ್ಕು ಜನಕ್ಕೆ ಹದಿನಾಲ್ಕು ಹಾಳೆ. ಪ್ರತಿ ಹಾಳೆಯಲ್ಲಿ ಒಂದೇ ಪ್ರಶ್ನೆ: ಈ ಬದಲಾವಣೆಯಿಂದ ಇವರ ಕೈ ತಪ್ಪಿ ಹೋಗುವುದು ಏನು?

ಕಂಪನಿಯ ಲೆಕ್ಕದಲ್ಲಿ ಬದಲಾವಣೆ ಒಂದೇ. ನನ್ನ ಪುಸ್ತಕದಲ್ಲಿ ಹದಿನಾಲ್ಕಿದ್ದವು. ಕೆಲವನ್ನು ಹೇಳುತ್ತೇನೆ.

ಲಗ್ಗೆರೆಯಿಂದ ಬರುತ್ತಿದ್ದ ಪ್ಯಾಕಿಂಗಿನ ಅಕ್ಕ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ಬಿಎಂಟಿಸಿಯಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ಈಗ ಕಂಪನಿ ಬಸ್ಸಿಗೆ ತಿಂಗಳಿಗೆ ಆರುನೂರು ರೂಪಾಯಿ ಹಿಡಿಯುತ್ತೇವೆ ಅಂದರು. ಮ್ಯಾನೇಜ್‌ಮೆಂಟ್ ದೃಷ್ಟಿಯಲ್ಲಿ ಅದು ‘ಸಬ್ಸಿಡಿ ದರದ ಬಸ್ ಸೌಲಭ್ಯ’. ಆ ಅಕ್ಕನ ಪಾಲಿಗೆ ಸಂಬಳದಲ್ಲಿ ಆರುನೂರು ಕಡಿತ. ದುಡ್ಡಿಗಿಂತ ದೊಡ್ಡದು ಇನ್ನೊಂದಿತ್ತು, ಅದನ್ನು ಅವರು ಹೇಳಿದ್ದು ಮೂರನೇ ಸಲ ಮಾತಾಡಿದಾಗ: ಸಂಜೆ ಐದೂವರೆಗೆ ಮಗಳನ್ನು ಟ್ಯೂಷನ್ನಿಂದ ಕರೆದುಕೊಂಡು ಬರಬೇಕು. ಅವರಿಗೆ ಬೇಕಿದ್ದದ್ದು ಅರ್ಧ ಗಂಟೆ ಮೊದಲು ಶುರುವಾಗಿ ಅರ್ಧ ಗಂಟೆ ಮೊದಲು ಮುಗಿಯುವ ಪಾಳಿ, ಮತ್ತು ಆ ಹೊತ್ತಿಗೆ ಹೊರಡುವ ಒಂದು ಗಾಡಿ.

ಡಿಸ್ಪ್ಯಾಚಿನ ಹುಡುಗನೊಬ್ಬ ನೆಲಮಂಗಲದವನು. ಅವನಿಗೆ ದಾರಿ ಅರ್ಧಕ್ಕರ್ಧ ಇಳಿಯಿತು, ಖುಷಿಯಲ್ಲಿದ್ದ. ಆದರೆ ಉಳಿದವರೆಲ್ಲ ಗೊಣಗುತ್ತಿದ್ದಾಗ ತಾನು ಖುಷಿಪಟ್ಟರೆ ಏನಂದುಕೊಳ್ಳುತ್ತಾರೋ ಅಂತ ಅವನೂ ಗೊಣಗುತ್ತಿದ್ದ! ಲಾಭ ಇರುವವರನ್ನೂ ಬರೆದಿಟ್ಟುಕೊಳ್ಳಿ, ಆದರೆ ಉಳಿದವರ ಮುಂದೆ ಅವರನ್ನು ಮಾದರಿ ಮಾಡಿ ನಿಲ್ಲಿಸಬೇಡಿ. ಪಾಪ, ಅವರ ಗತಿ ಕೆಡುತ್ತದೆ.

ಫೋರ್ಕ್‌ಲಿಫ್ಟ್ ಓಡಿಸುವವರು ಸಕ್ಕರೆ ಕಾಯಿಲೆಯವರು. ಔಷಧಿ ತರುತ್ತಿದ್ದ ಇಎಸ್‌ಐ ಡಿಸ್ಪೆನ್ಸರಿ ಇನ್ನು ಮುಂದೆ ಕೆಲಸದ ಹೊತ್ತಿನಲ್ಲಿ ಕೈಗೆ ಸಿಗುವುದಿಲ್ಲ. ತಿಂಗಳಿಗೊಂದು ಶನಿವಾರ ತಡವಾಗಿ ಬರಲು ಅನುಮತಿ, ಅಷ್ಟೇ ಬೇಕಿತ್ತು. ಕೇಳಲು ಸಂಕೋಚಪಟ್ಟುಕೊಂಡು ಎರಡು ತಿಂಗಳು ನಿದ್ದೆಗೆಟ್ಟಿದ್ದರು.

ಇವನ್ನೆಲ್ಲ ತಿಳಿಯಲು ಕ್ಯಾಬಿನ್ನಿಗೆ ಕರೆದು ಎದುರಿಗೆ ಕೂರಿಸಬೇಡಿ. ಕ್ಯಾಬಿನ್ನಿನಲ್ಲಿ ಎಲ್ಲರೂ “ಏನೂ ತೊಂದರೆ ಇಲ್ಲ ಸರ್” ಅನ್ನುತ್ತಾರೆ. ರ‍್ಯಾಕ್ ಪಕ್ಕದಲ್ಲಿ, ಕ್ಯಾಂಟೀನ್ ಸಾಲಿನಲ್ಲಿ, ಲೋಡ್ ಹೊರಟ ಮೇಲೆ ಕೈ ತೊಳೆಯುವ ನಲ್ಲಿ ಹತ್ತಿರ ಮಾತಾಡಿ. “ನಿಮಗೇನಾದ್ರೂ ಸಮಸ್ಯೆ ಇದ್ಯಾ?” ಅಂತಲೂ ಬೇಡ. “ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ? ಇನ್ನು ಮುಂದೆ ಎಷ್ಟಕ್ಕೆ ಏಳ್ಬೇಕಾಗುತ್ತೆ?” ಅಂತ ಕೇಳಿ. ಅಲ್ಲಿಂದ ಮನೆಯ ಕಥೆಯೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹದಿನಾಲ್ಕರಲ್ಲಿ ಒಂಬತ್ತನ್ನು ನಾನು ಯಾರನ್ನೂ ಕೇಳದೆ ಬಗೆಹರಿಸಬಹುದಿತ್ತು. ಮೂರಕ್ಕೆ ಮೇಲಿನವರ ಸಹಿ ಬೇಕಿತ್ತು. ಇನ್ನೆರಡಕ್ಕೆ ದಾರಿಯೇ ಇರಲಿಲ್ಲ. ಆ ಇಬ್ಬರಿಗೆ ಹಾಗೆಂದೇ ಹೇಳಿದೆ.

4. ಬಸ್ಸನ್ನು ಮೊದಲು ನೀವೇ ಹತ್ತಿ

ನಾನು ಹೊಸ ಜಾಗಕ್ಕೆ ಹೋಗಿದ್ದು ಯಾವಾಗಲೂ ಕಾರಿನಲ್ಲಿ, ಮಧ್ಯಾಹ್ನ ಹನ್ನೊಂದರ ಮೇಲೆ. “ಮುಕ್ಕಾಲು ಗಂಟೆ ದಾರಿ ಅಷ್ಟೇ” ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಂದು ಸೋಮವಾರ ಸಂಜೆ ಬಸ್ಸಿನಲ್ಲಿ ವಾಪಸ್ಸು ಬಂದು ನೋಡಿದಾಗಲೇ ಗೊತ್ತಾಗಿದ್ದು ಆ ಮುಕ್ಕಾಲು ಗಂಟೆ ಎಂಥದ್ದು ಅಂತ. ತುಮಕೂರು ರಸ್ತೆಯ ಲಾರಿಗಳ ಸಾಲು, ಟೋಲ್, ಎಂಟನೇ ಮೈಲಿ, ಗೊರಗುಂಟೆಪಾಳ್ಯದ ಸಿಗ್ನಲ್. ಇಳಿಯುವ ಹೊತ್ತಿಗೆ ಸೊಂಟ ನನ್ನದಾಗಿರಲಿಲ್ಲ.

ಆ ಒಂದು ಪ್ರಯಾಣದಿಂದ ಒಂದು ಒಳ್ಳೆಯ ದಾರಿಯೂ ಹೊಳೆಯಿತು. ಮೆಟ್ರೊ ಹಸಿರು ಮಾರ್ಗ 2024ರ ನವೆಂಬರಿನಿಂದ ನಾಗಸಂದ್ರ ದಾಟಿ ಮಾದಾವರದವರೆಗೆ ಓಡುತ್ತಿದೆ. ರಾಜಾಜಿನಗರ, ಯಶವಂತಪುರ ಕಡೆಯವರು ಅಲ್ಲಿವರೆಗೆ ಮೆಟ್ರೊದಲ್ಲಿ ಬಂದು, ಅಲ್ಲಿ ಕಂಪನಿ ಬಸ್ಸು ಹತ್ತಿದರೆ ಪೇಟೆ ಒಳಗಿನ ರಗಳೆ ತಪ್ಪುತ್ತದೆ. ಬಸ್ಸು ಊರೆಲ್ಲ ಸುತ್ತುವುದೂ ತಪ್ಪಿತು. ಈ ಮಾತನ್ನು ಮೇಲಿನವರಿಗೆ ಒಪ್ಪಿಸಲು ಕಷ್ಟವಾಗಲಿಲ್ಲ, ಡೀಸೆಲ್ ಉಳಿಯುತ್ತದಲ್ಲ!

ಶಿಫ್ಟಿಂಗಿಗೆ ಒಂದು ತಿಂಗಳು ಮೊದಲೇ ತಂಡದಿಂದ ಮೂವರನ್ನು ಹೊಸ ಜಾಗ ನೋಡಲು ಕರೆದುಕೊಂಡು ಹೋಗಿ. ತಲೆಯಾಡಿಸುವ ಮೂವರನ್ನಲ್ಲ, ತಪ್ಪು ಹುಡುಕುವ ಒಬ್ಬರಾದರೂ ಇರಲಿ. ನಾವು ಹೋದಾಗ ನಾನು ರ‍್ಯಾಕ್ ಅಳತೆ ನೋಡುತ್ತಿದ್ದೆ. ಅವರು ನೋಡಿದ್ದು ಬೇರೆ. ಹೆಂಗಸರ ಟಾಯ್ಲೆಟ್ ಸ್ಟೋರ್ಸ್‌ನಿಂದ ಇಡೀ ಅಂಗಳ ದಾಟಿ ಆ ತುದಿಯಲ್ಲಿತ್ತು, ದಾರಿಯಲ್ಲಿ ಲೈಟಿರಲಿಲ್ಲ. ಕುಡಿಯುವ ನೀರಿನ ಪಾಯಿಂಟ್ ಒಂದೇ. ಸುತ್ತ ಒಂದೂ ಟೀ ಅಂಗಡಿ ಇಲ್ಲ. ಟೀ ಅಂಗಡಿ ಇಲ್ಲದ್ದು ಸಣ್ಣ ವಿಷಯ ಅಂದುಕೊಂಡೆ, ಆಮೇಲೆ ಗೊತ್ತಾಯಿತು ಮಧ್ಯಾಹ್ನ ಮೂರಕ್ಕೆ ಹೊರಗೆ ಹೋಗಿ ಹತ್ತು ನಿಮಿಷ ನಿಂತು ಬರುವುದರಲ್ಲೇ ಅರ್ಧ ಜಗಳ ತೀರುತ್ತಿದ್ದವು ಅಂತ.

ಸ್ಟೋರ್ಸ್‌ನವರಿಗೆ ಪ್ರತ್ಯೇಕ ಎಚ್ಚರಿಕೆ: ಹೊಸ ವಿಳಾಸ ಜಿಎಸ್‌ಟಿ ನೋಂದಣಿಗೆ ಸೇರಿದೆಯಾ ಅಂತ ಅಕೌಂಟ್ಸ್‌ನಲ್ಲಿ ಮೊದಲೇ ವಿಚಾರಿಸಿ. ಲಾರಿಗೆ ಮಾಲು ಏರಿದ ಮೇಲೆ ಇ-ವೇ ಬಿಲ್ಲಿನ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ವಿಳಾಸಕ್ಕೆ ಪರದಾಡುವುದು ಬೇಡ.

5. ಹೊಸ ಸಾಫ್ಟ್‌ವೇರ್ ಮತ್ತು ಹಳೇ ರಿಜಿಸ್ಟರ್

ಇಲ್ಲಿ ನಾನು ಎಡವಿದ್ದು ಜೋರಾಗಿಯೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಸ್ಟೋರ್‌ಕೀಪರ್ ಇಪ್ಪತ್ತೆರಡು ವರ್ಷದ ಸರ್ವಿಸಿನವರು, ಎಲ್ಲರ ಬಾಯಲ್ಲೂ ‘ಅಣ್ಣ’. ರ‍್ಯಾಕಿಗೆ ರ‍್ಯಾಕಿಗೆ ಬಿನ್ ಕಾರ್ಡ್ (ಅಲ್ಲಿ ಎಷ್ಟು ಮಾಲಿದೆ ಅಂತ ಬರೆಯುವ ಚೀಟಿ) ಇದ್ದರೂ ಅಣ್ಣನ ನಿಜವಾದ ಲೆಕ್ಕ ಇದ್ದದ್ದು ಕೆಂಪು ಬಟ್ಟೆ ಬೈಂಡಿಂಗಿನ ಒಂದು ಉದ್ದ ರಿಜಿಸ್ಟರಿನಲ್ಲಿ. ಇಆರ್‌ಪಿ ಬಂದ ದಿನ, “ಇನ್ಮೇಲೆ ಇದು ಬೇಡ ಅಣ್ಣ, ಎಲ್ಲಾ ಸಿಸ್ಟಮ್‌ನಲ್ಲೇ” ಅಂತ ಎಲ್ಲರೆದುರಿಗೆ ಅದನ್ನು ಅವರ ಟೇಬಲ್ಲಿನಿಂದ ಎತ್ತಿ ಬೀರುವಿಗೆ ಹಾಕಿದೆ. ಅವರು ಏನೂ ಅನ್ನಲಿಲ್ಲ. ಜಿಆರ್‌ಎನ್ (ಬಂದ ಮಾಲಿನ ರಸೀದಿ) ಎಂಟ್ರಿ ಕಲಿತರು, ಒಂದೊಂದು ಬೆರಳಲ್ಲಿ ಒತ್ತುತ್ತಾ.

ತಿಂಗಳೊಳಗೆ ಕೂಲಂಟ್ (ಮೆಷಿನ್ ತಣ್ಣಗಿಡಲು ಹರಿಸುವ ನೀರಿನಂಥ ದ್ರವ) ಪಂಪಿನ ಮೋಟರೊಂದು ಕೂಗತೊಡಗಿತು. ಬಿಚ್ಚಿ ನೋಡಿದರೆ ಒಳಗೆ ಹೊಸದಾಗಿ ಹಾಕಿದ 6204 ಬೇರಿಂಗ್ ತುಕ್ಕು ಹಿಡಿದಿತ್ತು. 6204 ಅಂದರೆ ಬೇರಿಂಗಿನ ಅಳತೆಯ ನಂಬರ್: ಒಳಗೆ 20 ಮಿ.ಮೀ., ಹೊರಗೆ 47 ಮಿ.ಮೀ., ಅಗಲ 14 ಮಿ.ಮೀ. ಇದರಲ್ಲಿ ತಗಡಿನ ಮುಚ್ಚಳದ್ದೂ ಬರುತ್ತದೆ, ರಬ್ಬರ್ ಸೀಲಿನದ್ದೂ ಬರುತ್ತದೆ. ಅಳತೆ ಎರಡಕ್ಕೂ ಒಂದೇ. ಡೇಟಾ ತುಂಬಿಸಿದವರು ಎರಡನ್ನೂ ಒಂದೇ ಐಟಂ ಕೋಡಿಗೆ ಸೇರಿಸಿಬಿಟ್ಟಿದ್ದರು. ಸಿಸ್ಟಮ್ ತೋರಿಸಿದ ಬಿನ್‌ನಿಂದ ಹುಡುಗ ತಗಡಿನದ್ದನ್ನು ಎತ್ತಿಕೊಟ್ಟ, ಅದರೊಳಗೆ ಕೂಲಂಟ್ ಇಳಿಯಿತು. ಬೀರು ತೆಗೆದು ರಿಜಿಸ್ಟರ್ ನೋಡಿದೆ. 6204 ಇದ್ದ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅಣ್ಣನ ಅಕ್ಷರ: “ನೀರು ಬೀಳೋ ಕಡೆ ರಬ್ಬರ್ ಮಾತ್ರ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅಣ್ಣ?” ಅಂದೆ. “ಕೇಳ್ಲಿಲ್ವಲ್ಲ ಸರ್” ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅದೇ ಕಷ್ಟವಾಗಿದ್ದು.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ನೀವು ಹೀಗೆ ಮಾಡಿ:

ಹಳೆಯದನ್ನು ಚೆನ್ನಾಗಿ ಬಲ್ಲವರನ್ನು ಹೊಸದರ ಡೇಟಾ ಪರಿಶೀಲನೆಗೆ ಕೂರಿಸಿ, ಸಾಫ್ಟ್‌ವೇರ್ ಶುರುವಾಗುವ ಮೊದಲು. ನಮ್ಮಲ್ಲಿ ಅಣ್ಣನೂ ಡಿಸ್ಪ್ಯಾಚಿನ ಹುಡುಗನೂ ಎಂಟು ದಿನ ಕೂತರು. ಅಣ್ಣ ರಿಜಿಸ್ಟರ್ ಓದುವುದು, ಹುಡುಗ ಒತ್ತುವುದು. ಒಂದೇ ಕೋಡಿನಡಿ ಸೇರಿಹೋಗಿದ್ದ ಇನ್ನೂ ಮೂವತ್ತೊಂದು ಐಟಂ ಸಿಕ್ಕವು.

ಹಳೆಯದೂ ಹೊಸದೂ ಒಂದು ಪೂರ್ತಿ ತಿಂಗಳಾದರೂ ಜೊತೆಯಲ್ಲಿ ನಡೆಯಲಿ, ಮಂಥ್ ಎಂಡ್ ಸ್ಟಾಕ್ ಟೇಕಿಂಗ್ ಅದರೊಳಗೆ ಬರುವಂತೆ. ನಿಜವಾದ ಎಡವಟ್ಟುಗಳು ಕಾಣುವುದು ಆಗಲೇ. ಆದರೆ ಹಳೆಯದನ್ನು ನಿಲ್ಲಿಸುವ ತಾರೀಖನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ. ಇಲ್ಲದಿದ್ದರೆ ಎರಡೆರಡು ಕಡೆ ಬರೆಯುವ ಶಿಕ್ಷೆ ವರ್ಷಗಟ್ಟಲೆ ಎಳೆಯುತ್ತದೆ.

ತರಬೇತಿಗೆ ಬಂದವರು ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸಿ ಹೋಗುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ನಂಬಬೇಡಿ. ದಿನನಿತ್ಯ ಬೇಕಾಗುವುದು ಐದಾರು ಸ್ಕ್ರೀನ್ ಮಾತ್ರ: ಮಾಲು ಬಂದಾಗ, ಕೊಟ್ಟಾಗ, ವಾಪಸ್ಸು ಬಂದಾಗ, ಡೆಲಿವರಿ ಚಲನ್ ತೆಗೆಯುವಾಗ. ಒಂದೊಂದಕ್ಕೂ ಕನ್ನಡದಲ್ಲಿ ಒಂದು ಹಾಳೆ ಬರೆದು ಲ್ಯಾಮಿನೇಷನ್ ಮಾಡಿಸಿ ಕಂಪ್ಯೂಟರ್ ಪಕ್ಕ ನೇತುಹಾಕಿ. ವಯಸ್ಸಾದವರಿಗೆ ಕಿರಿಯರ ಕೈಲಿ ಕಲಿಸುವಾಗ ಸುತ್ತ ಜನ ಇಲ್ಲದ ಹೊತ್ತು ನೋಡಿ. ಮಗನ ವಯಸ್ಸಿನವನು “ಅಯ್ಯೋ ಅದಲ್ಲ ಅಣ್ಣ, ಇದು” ಅನ್ನುವುದನ್ನು ನಾಲ್ಕು ಜನರೆದುರು ಕೇಳಿಸಿಕೊಳ್ಳುವುದು ಸುಲಭವಲ್ಲ.

6. ಮೊದಲ ತಿಂಗಳು ಕೆಲಸ ಇಳಿಯುತ್ತದೆ

ಇಳಿಯುತ್ತದೆ ಅಂತ ಮೇಲಿನವರಿಗೆ ಮೊದಲೇ ಹೇಳಿ, ಬರಹದಲ್ಲಿ. ದಿನಕ್ಕೆ ನಲವತ್ತು ಬಾಕ್ಸ್ ಕಳಿಸುತ್ತಿದ್ದವರು ಇಪ್ಪತ್ತೈದು ಕಳಿಸುತ್ತಾರೆ, ಯಾವ ಬೋಲ್ಟು ಎಲ್ಲಿದೆ ಅಂತ ಕೈಗೆ ಅಭ್ಯಾಸವಾಗಬೇಕು. ಟಾರ್ಗೆಟ್ ಇಳಿಸಲು ಒಪ್ಪದಿದ್ದರೆ, ಶಿಫ್ಟಿಂಗಿಗೆ ಮೊದಲೇ ಒಂದಿಷ್ಟು ಮಾಲು ಪ್ಯಾಕ್ ಮಾಡಿ ಇಟ್ಟುಕೊಳ್ಳಲು ಓವರ್‌ಟೈಮ್ ಕೇಳಿ. ಈ ಎರಡರಲ್ಲಿ ಒಂದಾದರೂ ಬೇಕು. ಯಾವುದೂ ಇಲ್ಲದೆ ತಂಡದ ಬೆನ್ನ ಮೇಲೆ ಕೂತರೆ ಒಳ್ಳೆಯ ಕೆಲಸಗಾರರೇ ಮೊದಲು ಹೊರಡುತ್ತಾರೆ, ಅವರಿಗೆ ಬೇರೆ ಕಡೆ ಬಾಗಿಲು ತೆರೆದಿರುತ್ತದೆ.

7. ಗೊಣಗುವವರು, ಸುಮ್ಮನಿರುವವರು, ಹೋಗುವವರು

ಗೊಣಗುವವರ ಬಗ್ಗೆ ಚಿಂತೆ ಬೇಡ. ಅವರು ಇನ್ನೂ ನಿಮ್ಮ ಹತ್ತಿರ ಮಾತಾಡುತ್ತಿದ್ದಾರೆ. ನೋಡಿಕೊಳ್ಳಬೇಕಾದದ್ದು ಇದ್ದಕ್ಕಿದ್ದಂತೆ ಸುಮ್ಮನಾದವರನ್ನು. ನಾನು ಟೀ ಅಂಗಡಿಯಲ್ಲಿ ಗದರಿ ಕಳಿಸಿದ ಹುಡುಗನ ಹತ್ತಿರ ಕೊನೆಗೆ ನಾನೇ ಹೋಗಿ, “ಅವತ್ತು ನನಗೂ ಗೊತ್ತಿರ್ಲಿಲ್ಲ ಕಣೋ. ಗೊತ್ತಿಲ್ಲ ಅನ್ಬೇಕಿತ್ತು, ಸುಳ್ಳು ಅಂದುಬಿಟ್ಟೆ” ಅಂದೆ. “ಹೋಗ್ಲಿ ಬಿಡಿ ಸರ್” ಅಂದ. ಮರುವಾರ ಸಂಬಳದ ಸ್ಲಿಪ್ಪಿನಲ್ಲಿ ಏನೋ ತಪ್ಪಿದೆ ಅಂತ ನನ್ನ ಹತ್ತಿರ ಹಿಡಿದುಕೊಂಡು ಬಂದ. ಅಷ್ಟು ಸಾಕಾಗಿತ್ತು.

ಹೋಗುವವರು ಹೋಗಲಿ, ಆದರೆ ಚೆನ್ನಾಗಿ ಹೋಗಲಿ. ನನ್ನ ನೋಟ್‌ಬುಕ್ಕಿನ ಆ ಇಬ್ಬರಲ್ಲಿ ಒಬ್ಬರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರು, ಕೆಲಸ ಬಿಟ್ಟರು. ಪಕ್ಕದ ರಸ್ತೆಯ ವರ್ಕ್‌ಶಾಪಿನಲ್ಲಿ ಬಿಲ್ಲಿಂಗಿಗೆ ಜನ ಬೇಕಿದ್ದರು, ನಾನೇ ಮಾತಾಡಿದೆ. ಪಿಎಫ್, ಗ್ರಾಚ್ಯುಟಿ ಲೆಕ್ಕವನ್ನು ಕೊನೆಯ ದಿನದೊಳಗೆ ಮುಗಿಸಿಕೊಟ್ಟೆವು. ಹೋದವರನ್ನು ಹೇಗೆ ಕಳಿಸಿಕೊಟ್ಟಿರಿ ಅನ್ನುವುದನ್ನು ಉಳಿದ ಹದಿಮೂರು ಜನ ಕಣ್ಣರಳಿಸಿ ನೋಡುತ್ತಿರುತ್ತಾರೆ.

8. ಹೇಳದೆ ಕೇಳದೆ ಬರುವ ತೊಂದರೆಗೆ

ಶಿಫ್ಟಿಂಗಿಗೆ ತಾರೀಖಾದರೂ ಇರುತ್ತದೆ. 2020ರ ಮಾರ್ಚಿನ ಲಾಕ್‌ಡೌನಿಗೆ, 2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಬಂದ್ ಆದದ್ದಕ್ಕೆ, 2022ರ ಸೆಪ್ಟೆಂಬರಿನ ಮಳೆಗೆ ಹೊರ ವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದಕ್ಕೆ ಯಾರು ನೋಟಿಸ್ ಕೊಟ್ಟಿದ್ದರು? ಇಂಥದ್ದಕ್ಕೆ ಒಂದು ಹಾಳೆ ಸಾಕು, ಆದರೆ ಅದು ಇವತ್ತೇ ಬರೆದಿರಬೇಕು.

ಹಾಳೆಯಲ್ಲಿ ಇರಬೇಕಾದ್ದು ಇಷ್ಟು. ಬಂದ್ ಇದ್ದರೆ, ಮಳೆ ಬಂದರೆ, ಬರಬೇಕೋ ಬೇಡವೋ ಅಂತ ತೀರ್ಮಾನಿಸುವ ಒಬ್ಬರ ಹೆಸರು, ಅವರು ಸಿಗದಿದ್ದರೆ ಇನ್ನೊಬ್ಬರದು. ತೀರ್ಮಾನ ಬೆಳಿಗ್ಗೆ ಎಷ್ಟು ಗಂಟೆಯೊಳಗೆ ಬರುತ್ತದೆ ಅನ್ನುವುದು. ನಮ್ಮದು ಐದೂವರೆ, ಏಕೆಂದರೆ ದೂರದವರು ಮನೆ ಬಿಡುವುದು ಐದೂಮುಕ್ಕಾಲಿಗೆ. ಆ ದಿನ ನಿಲ್ಲಲೇಬಾರದ ಕೆಲಸ ಯಾವುದು, ಅದಕ್ಕೆ ಕನಿಷ್ಠ ಎಷ್ಟು ಜನ ಬೇಕು. ಬರಲಾಗದವರ ಹಾಜರಿಯನ್ನು ಹೇಗೆ ಹಾಕುತ್ತಾರೆ, ರಜೆಯಾ, ಸಂಬಳ ಕಡಿತವಾ. ಈ ಕೊನೆಯದನ್ನು ಮೊದಲೇ ಬರೆಯದಿದ್ದರೆ ಜನ ಮೊಣಕಾಲುದ್ದ ನೀರಿನಲ್ಲಿ ಬೈಕ್ ತಳ್ಳಿಕೊಂಡು ಬರುತ್ತಾರೆ, ಬಂದು ಬೀಳುತ್ತಾರೆ.

ಹಾಳೆಯ ಒಂದು ಪ್ರತಿ ಗೇಟಿನ ಸೆಕ್ಯುರಿಟಿಯವರ ಹತ್ತಿರ, ಒಂದು ಬಸ್ ಡ್ರೈವರ್ ಹತ್ತಿರ ಇರಲಿ. ಬಂದ್ ಅಂತ ಸುದ್ದಿಯಿದ್ದ ಹಿಂದಿನ ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮಲಗಿ. ಐದೂಕಾಲಿಗೇ ಮೊದಲ ಕಾಲ್ ಬರುತ್ತದೆ.